ಎರ್ಲಾಂಗನ್‌ನಲ್ಲಿ ಆಗಸ್ಟ್: ಊರೆಲ್ಲ ಖಾಲಿ, ನೀವೆಲ್ಲ ಏನು ಮಾಡುತ್ತೀರಿ?

ಕುವೆಂಪುನಗರದವಳು:
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ನಮ್ಮವರ ಕೆಲಸದ ಮೇಲೆ ಕಳೆದ ಚಳಿಗಾಲದಲ್ಲಿ ಜರ್ಮನಿಯ ಎರ್ಲಾಂಗನ್‌ಗೆ ಬಂದೆವು. ಚಳಿ, ಕತ್ತಲೆ, ಜರ್ಮನ್ ಕ್ಲಾಸು, ಇದಕ್ಕೆಲ್ಲ ಮೊದಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬೇಸಿಗೆಯ ಕೊನೆ ಹೀಗಿರುತ್ತದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ನಮ್ಮ ಬೀದಿಯ ಬೇಕರಿ ಮೂರು ವಾರ ರಜೆ ಅಂತ ಚೀಟಿ ಅಂಟಿಸಿ ಬಾಗಿಲು ಹಾಕಿದೆ. ಮಗನ ಡಾಕ್ಟರೂ ರಜೆ. ಕೆಳಗಿನ ಮನೆಯವರು ಕಾರಿನ ಮೇಲೆ ಸೈಕಲ್ ಕಟ್ಟಿಕೊಂಡು ಹೋದವರು ಇನ್ನೂ ಬಂದಿಲ್ಲ. ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತರೆ ಒಂದು ಕಾರೂ ಹೋಗುವುದಿಲ್ಲ. ಊರಿಗೆ ಹೋಗೋಣ ಅಂದರೆ ಟಿಕೆಟ್ ದರ ನೋಡಿ ಕಂಪ್ಯೂಟರ್ ಮುಚ್ಚಿಟ್ಟೆವು. ಮಗನಿಗೆ ಆರು ವರ್ಷ, ಇಡೀ ದಿನ ಮನೆಯಲ್ಲಿ. ಇಲ್ಲಿ ಹಳಬರು ಯಾರಾದರೂ ಇದ್ದರೆ ಹೇಳಿ, ಈ ರಜೆಯನ್ನು ನೀವು ಹೇಗೆ ಕಳೆಯುತ್ತೀರಿ?

ಫ್ರಾಂಕನ್ ಗೌಡ:
ಮೇಡಂ, ನಮಸ್ಕಾರ. ಮಂಡ್ಯದವನು, ಇಲ್ಲೇ ಬೇರು ಬಿಟ್ಟಿದ್ದೇನೆ. ಮೊದಲು ಊರು ಯಾಕೆ ಖಾಲಿ ಅಂತ ಹೇಳುತ್ತೇನೆ. ಈ ಊರು ನಿಂತಿರುವುದೇ ಎರಡು ಕಾಲಿನ ಮೇಲೆ, ಸೀಮೆನ್ಸ್ ಮತ್ತು ವಿಶ್ವವಿದ್ಯಾಲಯ. ಜುಲೈ ಕೊನೆಗೆ ಹೊರಟ ವಿದ್ಯಾರ್ಥಿಗಳಿಗೆ ಮತ್ತೆ ಪಾಠ ಶುರುವಾಗುವುದು ಅಕ್ಟೋಬರ್ ಮಧ್ಯಕ್ಕೆ. ಕಂಪನಿಯವರು ಮಕ್ಕಳ ರಜೆ ನೋಡಿಕೊಂಡು ಆಗಸ್ಟ್‌ನಲ್ಲಿ ಹೊರಡುತ್ತಾರೆ. ಎರಡೂ ಕಾಲು ಒಟ್ಟಿಗೆ ಎತ್ತಿದರೆ ಇನ್ನೇನಾಗುತ್ತದೆ ಹೇಳಿ!

ಜರ್ಮನಿಯ ಬೇರೆ ರಾಜ್ಯಗಳಲ್ಲಿ ಬೇಸಿಗೆ ರಜೆ ಸರದಿಯಂತೆ ಹಿಂದೆ ಮುಂದೆ ಆಗುತ್ತದೆ. ನಮ್ಮ ಬವೇರಿಯಾ ಮತ್ತು ಪಕ್ಕದ ಬಾಡೆನ್-ವುರ್ಟೆಂಬರ್ಗ್ ಮಾತ್ರ ಆ ಸರದಿಗೆ ಸೇರದೆ ಯಾವಾಗಲೂ ಕೊನೆಗೇ ರಜೆ ಕೊಡುತ್ತವೆ. ಹಾಗಾಗಿ ಬರ್ಲಿನ್ ಮಕ್ಕಳು ಶಾಲೆಗೆ ಹೋಗುತ್ತಿರುವಾಗ ನಮ್ಮ ಮಕ್ಕಳು ಇನ್ನೂ ಚಡ್ಡಿಯಲ್ಲೇ ಓಡಾಡುತ್ತಿರುತ್ತವೆ. ಈ ಸಲ ಸೆಪ್ಟೆಂಬರ್ 14ರವರೆಗೆ ರಜೆ.

ಇನ್ನೊಂದು ವಿಷಯ. ಎಲ್ಲರೂ ಊರು ಬಿಟ್ಟು ಹೋಗಿಲ್ಲ. ಉಳಿದವರು ಮನೆಯೊಳಗಿಲ್ಲ ಅಷ್ಟೆ. ಸಂಜೆ ಐದರ ಮೇಲೆ ರ್ಯೋಥೆಲ್‌ಹೈಮ್ ಈಜುಕೊಳಕ್ಕೆ ಹೋಗಿ ನೋಡಿ. ಇಲ್ಲವಾದರೆ ದೆಕ್ಸೆಂಡಾರ್ಫ್ ಕೆರೆ. ಅಲ್ಲಿ ಪಾಚಿ ಬಂದಿದ್ದರೆ ಈಜಬೇಡಿ ಅಂತ ಬೋರ್ಡ್ ಹಾಕಿರುತ್ತಾರೆ, ಅದನ್ನು ನೋಡಿಕೊಂಡೇ ಇಳಿಯಿರಿ. ಸುತ್ತಲಿನ ಹಳ್ಳಿಗಳಲ್ಲಿ ವಾರಕ್ಕೊಂದು ಕಡೆ ಕೆರ್ವಾ ಇರುತ್ತದೆ, ನಮ್ಮ ಊರಹಬ್ಬದ ಥರ. ಎತ್ತರದ ಮರ ನಿಲ್ಲಿಸಿ, ಬೆಂಚ್ ಹಾಕಿ, ಬ್ಯಾಂಡ್ ಬಾರಿಸುತ್ತಾರೆ. ನಿಮ್ಮ ಬೀದಿಯ ಜನ ಎಲ್ಲಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ.

ಹುಬ್ಬಳ್ಳಿ ಹುಡುಗ:
ಅಕ್ಕಾ, ಡಾಕ್ಟರ್ ರಜೆ ಅಂತ ಹೆದರಬೇಡಿ. ಕ್ಲಿನಿಕ್ ಬಾಗಿಲ ಮೇಲೆ ಅವರ ಬದಲು ಯಾರನ್ನು ನೋಡಬೇಕು ಅಂತ ಹೆಸರು ಬರೆದಿರುತ್ತಾರೆ. ರಾತ್ರಿ, ಭಾನುವಾರ ಜ್ವರ ಬಂದರೆ 116117ಕ್ಕೆ ಫೋನ್ ಮಾಡಿ. ಜೀವಕ್ಕೆ ಅಪಾಯ ಅನ್ನಿಸಿದರೆ 112.

ನಾನು ಇಲ್ಲೇ ಎಂಎಸ್ ಓದುತ್ತಿದ್ದೇನೆ. ರೂಮಿನಲ್ಲಿ ಇರುವವರೆಲ್ಲ ಹೋಗಿದ್ದಾರೆ, ಥೀಸಿಸ್ ಮತ್ತು ನಾನು ಇಬ್ಬರೇ. ಆಗಸ್ಟ್ ಕೊನೆಯ ವಾರಾಂತ್ಯ ಅರಮನೆ ತೋಟದಲ್ಲಿ ಪೊಯೆಟೆನ್‌ಫೆಸ್ಟ್ ಇರುತ್ತದೆ. 1980ರಿಂದ ನಡೆಯುತ್ತಿದೆ. ಲೇಖಕರು ವೇದಿಕೆ ಮೇಲೆ ಕೂತು ಓದುತ್ತಾರೆ, ಜನ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಕೇಳುತ್ತಾರೆ. ನನ್ನ ಜರ್ಮನ್‌ಗೆ ಅರ್ಧವೂ ದಕ್ಕಲಿಲ್ಲ. ಆದರೂ ಮಧ್ಯಾಹ್ನ ಪೂರ್ತಿ ಕೂತಿದ್ದೆ. ಮಕ್ಕಳಿಗೂ ಬೇರೆ ಕಾರ್ಯಕ್ರಮ ಇರುತ್ತದೆ, ಮಗನನ್ನು ಕರೆದುಕೊಂಡು ಹೋಗಿ.

ವೈಟ್‌ಫೀಲ್ಡ್ ವಾಪಸ್:
ಎಲ್ಲರೂ ಚೆಂದದ ಮಾತೇ ಹೇಳುತ್ತಿದ್ದೀರಿ. ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವೂ ಅದೇ ಊರಿನಲ್ಲಿದ್ದೆವು. ನನಗೆ ಆಫೀಸ್ ಇತ್ತು, ಕ್ಯಾಂಟೀನ್ ಇತ್ತು, ಮಾತಾಡಲು ಜನ ಇದ್ದರು. ಹೆಂಡತಿಗೆ ಗೋಡೆ. ಅಕ್ಕಪಕ್ಕದವರು ಒಳ್ಳೆಯವರೇ, ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ. ಆದರೆ ಒಬ್ಬರೂ ಬೆಲ್ ಒತ್ತಿ ಒಳಗೆ ಬಂದವರಲ್ಲ. ಆಗಸ್ಟ್ ಬಂದರೆ ಆ ನಗುವೂ ಇಲ್ಲ. ಕೊನೆಗೆ ಅವಳು ಅಮ್ಮನ ಜೊತೆ ವಿಡಿಯೋ ಕಾಲ್ ಮಾಡುವುದನ್ನೂ ಕಡಿಮೆ ಮಾಡಿದಳು. ಕೇಳಿದರೆ "ಹೇಳೋಕೆ ಏನಿದೆ" ಅಂದಳು. ಆಗ ವಾಪಸ್ ಹೊರಡುವ ಯೋಚನೆ ಮಾಡಿದೆವು.

ಈಗ ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಬೈದುಕೊಂಡು ಓಡಾಡುತ್ತೇನೆ. ಆದರೂ ವಾಪಸ್ ಬಂದದ್ದಕ್ಕೆ ಬೇಸರವಿಲ್ಲ. ಕೆರೆ, ಕೆರ್ವಾ ಎಲ್ಲ ಸರಿ. ದಿನವಿಡೀ ಮಗುವಿನ ಜೊತೆ ಒಬ್ಬರೇ ಇರುವವರಿಗೆ ಅಲ್ಲಿ ಹೋಗಿ ಯಾರ ಪಕ್ಕ ಕೂರಬೇಕು ಅನ್ನುವುದೇ ದೊಡ್ಡ ಪ್ರಶ್ನೆ.

ಕುವೆಂಪುನಗರದವಳು:
ವೈಟ್‌ಫೀಲ್ಡ್ ಸರ್, ಥ್ಯಾಂಕ್ಸ್. ನೀವು ಬರೆದದ್ದನ್ನು ನಮ್ಮವರಿಗೆ ಓದಿ ಹೇಳಿದೆ. ಸುಮ್ಮನೆ ಕೂತು ಕೇಳಿದರು. ನನಗೆ ಆ ಹಂತ ಬಂದಿಲ್ಲ, ಆದರೆ ಅದರ ದಾರಿ ಯಾವ ಕಡೆ ಅಂತ ಗೊತ್ತಾಗುತ್ತಿದೆ.

ಗೌಡರೇ, ಒಂದು ಸಣ್ಣ ಪ್ರಶ್ನೆ. ಭಾನುವಾರ ಮಿಕ್ಸಿ ಹಾಕಬಹುದಾ? ನಾನು ಟವೆಲ್ ಸುತ್ತಿ ಚಟ್ನಿ ರುಬ್ಬುತ್ತಿದ್ದೇನೆ.

ಫ್ರಾಂಕನ್ ಗೌಡ:
ಧಾರಾಳವಾಗಿ ಹಾಕಿ! ಅಡುಗೆಮನೆ ಸದ್ದಿಗೆ ಯಾರೂ ಕೇಸು ಹಾಕುವುದಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬೇಡ, ಅಷ್ಟೆ. ಭಾನುವಾರ ಮಾಡಬಾರದ್ದು ಗೋಡೆಗೆ ಡ್ರಿಲ್ ಹಾಕುವುದು, ಹುಲ್ಲು ಕತ್ತರಿಸುವ ಯಂತ್ರ ಓಡಿಸುವುದು, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ಡಬ್ಬಿಗೆ ಎಸೆಯುವುದು. ಪಾಪ ಆ ಟವೆಲ್‌ಗೆ ಬಿಡುಗಡೆ ಕೊಡಿ, ಮೋಟಾರ್ ಸುಟ್ಟು ಹೋದೀತು.

ವೈಟ್‌ಫೀಲ್ಡ್ ಸರ್ ಹೇಳಿದ್ದು ನಿಜ, ಅಲ್ಲ ಅನ್ನುವುದಿಲ್ಲ. ಆದರೆ ಇಲ್ಲಿ ಯಾರೂ ಬೆಲ್ ಒತ್ತುವುದಿಲ್ಲ ಅನ್ನುವವರಲ್ಲಿ ಎಷ್ಟು ಜನ ತಾವು ಒತ್ತಿದ್ದಾರೆ? ಪಕ್ಕದ ಮನೆಯವರು ನಾವು ಪ್ರೈವಸಿ ಬಯಸುತ್ತೇವೆ ಅಂದುಕೊಂಡಿರುತ್ತಾರೆ, ನಾವೂ ಅವರನ್ನು ಹಾಗೇ ಅಂದುಕೊಂಡಿರುತ್ತೇವೆ.

ಸಾಗರದ ಸೊಸೆ:
ನಾನು ಎರ್ಲಾಂಗನ್ ಪಕ್ಕದ ಹಳ್ಳಿಯಲ್ಲಿದ್ದೇನೆ. ಕುವೆಂಪುನಗರದವರೇ, ನಿಮ್ಮ ಪೋಸ್ಟ್ ನೋಡಿ ಸುಮ್ನೆ ಇರಲಾಗಲಿಲ್ಲ. ನನ್ನನ್ನು ಇಲ್ಲಿನ ಜನರ ಜೊತೆ ಸೇರಿಸಿದ್ದು ಡೇರೆ ಹೂವು ಕಣ್ರೀ.

ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮಳೆಗಾಲ ಬಂತು ಅಂದರೆ ಪ್ರತಿ ಮನೆಯಂಗಳದಲ್ಲೂ ಡೇರೆ. ಗೆಡ್ಡೆ ತಂದುಕೊಳ್ಳುವುದು, ಕೊಡುವುದು, ಯಾರ ಮನೆಯಲ್ಲಿ ಯಾವ ಬಣ್ಣ ಇದೆ ಅಂತ ಲೆಕ್ಕ ಇಡುವುದು, ಕೊಡದಿದ್ದವರ ಮೇಲೆ ಒಳಗೊಳಗೇ ಸಿಟ್ಟು. ನಮ್ಮತ್ತೆ ಮದುವೆಮನೆಗೆ ಹೋದರೂ ಗೆಡ್ಡೆ ಕಟ್ಟಿಕೊಂಡೇ ಬರುತ್ತಿದ್ದರು. ಇಲ್ಲಿ ಆಗಸ್ಟ್‌ನಲ್ಲಿ ಒಂದು ಸಂಜೆ ನಡೆದು ಹೋಗುತ್ತಿದ್ದೆ. ಮೂರನೇ ಮನೆಯ ಅಜ್ಜಿಯ ಬೇಲಿಯ ಮೇಲೆ ಅದೇ ಹೂವು. ಅದೇ ಅಂದರೆ ಅದೇ. ತಟ್ಟೆಯಷ್ಟು ಅಗಲ, ಕೆಂಪು ದಳದ ತುದಿಗೆ ಬಿಳಿ. ಭಾರಕ್ಕೆ ಬಾಗದ ಹಾಗೆ ಕೋಲು ಕೊಟ್ಟು ಹಳೇ ಬಟ್ಟೆಯ ಚೂರಿನಿಂದ ಕಟ್ಟಿದ್ದರು, ನಮ್ಮತ್ತೆ ಕಟ್ಟುವ ಹಾಗೇ ಎಂಟರ ಆಕಾರದ ಗಂಟು. ನಿಂತುಬಿಟ್ಟೆ. ಅಜ್ಜಿ ಒಳಗಿನಿಂದ ಬಂದರು. ನನ್ನ ಜರ್ಮನ್ ಆಗ "ಇದು ಚೆನ್ನಾಗಿದೆ, ನಮ್ಮ ಮನೆಯಲ್ಲೂ ಇದೆ" ಅನ್ನುವಷ್ಟೇ ಇತ್ತು. ಫೋನಿನಲ್ಲಿ ಸಾಗರದ ಅಂಗಳದ ಫೋಟೋ ತೋರಿಸಿದೆ. ಅವರು ಕನ್ನಡಕ ತರಲು ಒಳಗೆ ಓಡಿದರು.

ಡೇರೆ ಮೂಲದಲ್ಲಿ ಮೆಕ್ಸಿಕೋದ ಗಿಡ. ಅಲ್ಲಿಂದ ಯೂರೋಪಿಗೆ ಬಂತು, ನಮ್ಮ ಮಲೆನಾಡಿಗೂ ಬಂತು. ಇಲ್ಲಿ ಮೊದಲ ಹಿಮ ಬಿದ್ದು ಗಿಡ ಕಪ್ಪಾದ ಮೇಲೆ ಗೆಡ್ಡೆ ಅಗೆದು, ಮಣ್ಣು ಕೊಡವಿ, ನೆಲಮಾಳಿಗೆಯಲ್ಲಿ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೊರಗೆ ಬಿಟ್ಟರೆ ಚಳಿಗೆ ಕೊಳೆಯುತ್ತದೆ. ಮೇ ತಿಂಗಳಲ್ಲಿ ಮತ್ತೆ ನೆಡುವುದು. ಆ ವರ್ಷ ಅಕ್ಟೋಬರ್ ಕೊನೆಗೆ ಅಜ್ಜಿಯೇ ನಮ್ಮ ಬೆಲ್ ಒತ್ತಿದರು, ಕೈಯಲ್ಲಿ ಬಕೆಟ್ ತುಂಬ ಗೆಡ್ಡೆ. ಒಂದೊಂದಕ್ಕೂ ಬಣ್ಣದ ಹೆಸರು ಬರೆದ ಚೀಟಿ ಕಟ್ಟಿದ್ದರು. ವೈಟ್‌ಫೀಲ್ಡ್ ಸರ್, ನೀವು ಹೇಳುವ ಗೋಡೆ ನನಗೂ ಗೊತ್ತು. ಅದು ಪೂರ್ತಿ ಹೋಗಿಲ್ಲ. ಒಂದು ಕಡೆ ಬಾಗಿಲು ಸಿಕ್ಕಿದೆ ಅಂತ ಹೇಳಬಹುದು.

ಅಜ್ಜಿಯಿಂದ ಇನ್ನೊಂದು ಉಪಕಾರ. ಬೇಸಿಗೆ ಕೊನೆಗೆ ಅವರ ತೋಟದಲ್ಲಿ ಝುಕಿನಿ ಮೊಳಕೈ ಉದ್ದ ಬೆಳೆದು ಯಾರಿಗೂ ಬೇಡವಾಗಿರುತ್ತದೆ. ನಾನು ಅದರಲ್ಲಿ ಹುಳಿ ಮಾಡುತ್ತೇನೆ, ತುರಿದು ಅಕ್ಕಿ ಜೊತೆ ರುಬ್ಬಿ ದೋಸೆಯನ್ನೂ ಹುಯ್ಯುತ್ತೇನೆ. ಸೌತೆಕಾಯಿ ದೋಸೆ ತಿಂದವರಿಗೆ ವ್ಯತ್ಯಾಸ ಗೊತ್ತಾಗದು.

ಕುಡ್ಲ ಕಿಚನ್:
ಅಡುಗೆ ಮಾತು ಬಂತು, ಇನ್ನು ನನ್ನನ್ನು ತಡೆಯುವವರಿಲ್ಲ. ಈಗ ಎಲ್ಲ ಕಡೆ ತ್ಸ್ವೆಚ್ಗೆ ಅನ್ನುವ ನೀಲಿ ಪ್ಲಮ್ ಬಂದಿದೆ. ಹಳ್ಳಿ ಕಡೆ ಹೋದರೆ ಗೇಟಿನ ಮುಂದೆ ಪೆಟ್ಟಿಗೆಯಲ್ಲಿಟ್ಟು "ಬೇಕಾದವರು ಒಯ್ಯಿರಿ" ಅಂತ ಬರೆದಿರುತ್ತಾರೆ. ಇವರು ಅದರಲ್ಲಿ ಕೇಕ್ ಮಾಡುತ್ತಾರೆ. ನಾನು ಗೊಜ್ಜು ಮಾಡುತ್ತೇನೆ.

ಬೀಜ ತೆಗೆದು ನಾಲ್ಕು ಹೋಳು ಮಾಡಿ. ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸು ಚಟಪಟ ಅನ್ನಿಸಿ ಹೋಳು ಹಾಕಿ. ನೀರು ಬೇಡ, ಹಣ್ಣೇ ನೀರು ಬಿಡುತ್ತದೆ. ಹಸಿಯಾಗಿ ತಿಂದರೆ ಸಿಹಿ, ಬೆಂದ ಮೇಲೆ ಸಿಪ್ಪೆಯ ಹುಳಿ ಜೋರಾಗುತ್ತದೆ, ಹಾಗಾಗಿ ಹುಣಸೆಹಣ್ಣೂ ಬೇಡ. ಬೆಲ್ಲ, ಉಪ್ಪು, ಹುರಿದು ಪುಡಿ ಮಾಡಿದ ಮೆಂತ್ಯ ಮತ್ತು ಎಳ್ಳು. ಬಣ್ಣ ಗಾಢ ನೇರಳೆಗೆ ತಿರುಗಿ, ಸೌಟು ಎಳೆದ ಜಾಗದಲ್ಲಿ ಬಾಣಲೆ ತಳ ಕಂಡರೆ ಇಳಿಸಿ. ಮೊಸರನ್ನಕ್ಕೆ ಇದಕ್ಕಿಂತ ಬೇಕಾ?

ಒಂದು ಎಚ್ಚರಿಕೆ. ಈ ತಿಂಗಳಲ್ಲಿ ಹೊರಗೆ ಸಿಹಿ ಬಿಚ್ಚಿದರೆ ಕಣಜ ಮುತ್ತುತ್ತವೆ. ಗೂಡಿನಲ್ಲಿ ಮರಿ ಸಾಕುವ ಕೆಲಸ ಮುಗಿಯುತ್ತಾ ಬಂದಿರುತ್ತದೆ. ಮರಿಗಳಿಂದ ಸಿಗುತ್ತಿದ್ದ ಸಿಹಿ ರಸವೂ ನಿಲ್ಲುವುದರಿಂದ ನಮ್ಮ ಜ್ಯೂಸಿಗೆ ಬರುತ್ತವೆ. ಹೊಡೆಯಬೇಡಿ. ಕಾರಣವಿಲ್ಲದೆ ಕೊಲ್ಲುವುದು ಇಲ್ಲಿ ಕಾನೂನಿಗೆ ವಿರುದ್ಧ. ಮಗನಿಗೆ ಬಾಟಲಿಯಿಂದ ನೇರವಾಗಿ ಕುಡಿಯಲು ಬಿಡಬೇಡಿ, ಸ್ಟ್ರಾ ಕೊಡಿ.

ಮೀನು ತಿನ್ನುವವರಿಗೆ: ಊರಲ್ಲಿ ಮಳೆಗಾಲದ ನಿಷೇಧ ಜುಲೈ 31ಕ್ಕೆ ಮುಗಿದು ದೋಣಿ ಕಡಲಿಗೆ ಇಳಿದಾಗಿನಿಂದ ಅಣ್ಣ ದಿನಾ ಬಂಗುಡೆ ಫೋಟೋ ಕಳಿಸಿ ಹೊಟ್ಟೆ ಉರಿಸುತ್ತಾನೆ. ನಮಗೆ ಸೆಪ್ಟೆಂಬರ್ ಬರಬೇಕು. ಇಲ್ಲಿ ಕಾರ್ಪ್ ತಿನ್ನುವುದು ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ. ಎರ್ಲಾಂಗನ್ ಪಶ್ಚಿಮಕ್ಕೆ ಐಶ್‌ಗ್ರುಂಡ್ ಕಡೆ ಹೋದರೆ ಕೆರೆಗಳೇ ಕೆರೆಗಳು. ಮೀನನ್ನು ಉದ್ದಕ್ಕೆ ಸೀಳಿ ಅರ್ಧ ಮೀನನ್ನು ಹಾಗೇ ಕರಿದು ತಟ್ಟೆಯಲ್ಲಿ ಇಡುತ್ತಾರೆ, ಬಾಲ ಹೊರಗೆ ಚಾಚಿರುತ್ತದೆ. ಮುಳ್ಳು ಜಾಸ್ತಿ. ಖಾರ ಸೊನ್ನೆ. ನಾನು ಪರ್ಸಿನಲ್ಲಿ ಮೆಣಸಿನ ಪುಡಿ ಇಟ್ಟುಕೊಂಡೇ ಹೋಗುವುದು.

ತಿಪಟೂರಿನ ಮೇಷ್ಟ್ರು:
ಎಲ್ಲರಿಗೂ ವಂದನೆಗಳು. ನಾನು ನಿವೃತ್ತ ಶಿಕ್ಷಕ. ಮಗ ಸೊಸೆಯ ಮನೆಗೆ ಬಂದಿದ್ದೇನೆ. ಇಲ್ಲಿ ನನ್ನ ವಯಸ್ಸಿನವರು ಬರೆಯುವುದು ಕಡಿಮೆ ಅಂತ ಕಾಣುತ್ತದೆ, ಆದರೂ ಎರಡು ಮಾತು.

ಬೆಳಗ್ಗೆ ನಡೆಯಲು ಹೋದರೆ ಎದುರಿಗೆ ಬರುವವರೆಲ್ಲ "ಗ್ರೂಸ್ ಗಾಟ್" ಅನ್ನುತ್ತಾರೆ. ಗುರುತಿಲ್ಲದವರೂ. ಬೆಂಗಳೂರಿನ ಪಾರ್ಕಿನಲ್ಲಿ ನನಗೆ ಯಾರೂ ನಮಸ್ಕಾರ ಹೇಳಿದ್ದಿಲ್ಲ. ಹಾಗಾಗಿ ಈ ಊರನ್ನು ಮೂಕ ಅನ್ನಲು ನನಗೆ ಮನಸ್ಸಿಲ್ಲ.

ಸೊಸೆ ಒಂದು ದಿನ ಮೋರೆಂಡಾರ್ಫ್‌ಗೆ ಕರೆದುಕೊಂಡು ಹೋದಳು. ರೆಗ್ನಿಟ್ಸ್ ನದಿಯಲ್ಲಿ ಮರದ ದೊಡ್ಡ ಚಕ್ರಗಳು ತಿರುಗುತ್ತಿವೆ. ಕರೆಂಟಿಲ್ಲ, ಎಣ್ಣೆಯಿಲ್ಲ. ನದಿಯ ಸೆಳವೇ ಹಲಗೆಗಳನ್ನು ತಳ್ಳಿ ಚಕ್ರ ತಿರುಗಿಸುತ್ತದೆ. ಅಂಚಿಗೆ ಕಟ್ಟಿದ ಮರದ ಡಬ್ಬಗಳು ಕೆಳಗೆ ನೀರು ತುಂಬಿಕೊಂಡು ಮೇಲೆ ಹೋಗಿ ಒಂದು ತೊಟ್ಟಿಗೆ ಸುರಿಯುತ್ತವೆ. ಅಲ್ಲಿಂದ ಕಾಲುವೆ, ಕಾಲುವೆಯಿಂದ ಹುಲ್ಲುಗಾವಲು. ಹಿಂದೆ ಈ ನದಿಯುದ್ದಕ್ಕೂ ಇಂಥವು ಬಹಳ ಇದ್ದವಂತೆ, ಈಗ ಹತ್ತರ ಸುಮಾರು ಉಳಿದಿವೆ. ಮೇ ಒಂದರಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ ಓಡಿಸುತ್ತಾರೆ.

ನಾನು ಹುಡುಗನಾಗಿದ್ದಾಗ ನಮ್ಮ ತೋಟದಲ್ಲಿ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ಚರ್ಮದ ಬಾನಿ ಬಾವಿಯಿಂದ ಮೇಲೆ ಬರುತ್ತಿತ್ತು. ಪಂಪ್‌ಸೆಟ್ ಬಂದ ಮೇಲೆ ಅದರ ಒಂದು ಮರದ ಗಾಲಿಯನ್ನೂ ನಾವು ಉಳಿಸಿಕೊಳ್ಳಲಿಲ್ಲ. ಇವರು ಉಳಿಸಿಕೊಂಡಿದ್ದಾರೆ, ಅದೂ ತೋರಿಕೆಗಲ್ಲ, ನೀರು ಹರಿಯುತ್ತಿದೆ. ಸೊಸೆ ಬೆಂಚಿನ ಮೇಲೆ ಕೂತಿರಿ ಅಂದಳು. ನಾನು ಡಬ್ಬಗಳನ್ನು ಎಣಿಸುತ್ತಾ ನಿಂತಿದ್ದೆ. ತಾಯಿ, ನಿಮ್ಮ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಆರು ವರ್ಷದ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಸಿಗುವುದಿಲ್ಲ.

ಕುವೆಂಪುನಗರದವಳು:
ಮೇಷ್ಟ್ರೇ, ನಿನ್ನೆ ಹೋಗಿ ಬಂದೆವು! ಮಗ ಚಪ್ಪಲಿ ನೀರಿಗೆ ಬಿಟ್ಟ, ಒಬ್ಬರು ಕೋಲಿನಿಂದ ಎತ್ತಿ ಕೊಟ್ಟರು. ಅವರ ಮೊಮ್ಮಗಳೂ ಈ ಸಲ ಒಂದನೇ ಕ್ಲಾಸಿಗೆ ಸೇರುತ್ತಾಳಂತೆ, ನಮ್ಮ ಶಾಲೆಗೇ.

ಅದರಿಂದ ಹೊಸ ತಲೆನೋವು ಶುರುವಾಯಿತು. ಶಾಲೆಯ ಮೊದಲ ದಿನ ಮಕ್ಕಳು ದೊಡ್ಡ ಕೋನ್ ಹಿಡಿದುಕೊಂಡು ಹೋಗಬೇಕಂತೆ? ಅವರು "ನಿಮ್ಮದು ಅಂಟಿಸಿ ಆಯಿತಾ" ಅಂತ ಕೇಳಿದರು. ನಾನು ತಲೆಯಾಡಿಸಿ ಬಂದೆ.

ಫ್ರಾಂಕನ್ ಗೌಡ:
ಶೂಲ್‌ಟ್ಯೂಟೆ! ಅದಿಲ್ಲದೆ ಒಂದನೇ ಕ್ಲಾಸಿನ ಬಾಗಿಲು ದಾಟುವ ಹಾಗಿಲ್ಲ. ಅಂದರೆ ಕಾನೂನೇನಿಲ್ಲ, ಆದರೆ ನಿಮ್ಮ ಮಗ ಒಬ್ಬನೇ ಬರಿಗೈಯಲ್ಲಿ ಫೋಟೋಗೆ ನಿಂತರೆ ಚೆನ್ನಾಗಿರುವುದಿಲ್ಲ. ಕ್ರಾಫ್ಟ್ ಅಂಗಡಿಯಲ್ಲಿ ಖಾಲಿ ರಟ್ಟಿನ ಕೋನ್ ಸಿಗುತ್ತದೆ. ಉದ್ದದ್ದು 85 ಸೆಂಟಿಮೀಟರ್, ಮಗುವಿನ ಎದೆಯವರೆಗೆ ಬರುತ್ತದೆ. ಮೇಲೆ ಅವನಿಗೆ ಇಷ್ಟವಾದ ಚಿತ್ರ ಅಂಟಿಸಿ, ಹೆಸರು ಬರೆಯಿರಿ. ತಳಕ್ಕೆ ಕಾಗದ ತುರುಕಿ, ಇಲ್ಲದಿದ್ದರೆ ತುಂಬಿಸುವಷ್ಟರಲ್ಲಿ ಅರ್ಧ ಸಂಬಳ ಹೋಗುತ್ತದೆ. ಮೇಲೆ ಬಣ್ಣದ ಪೆನ್ಸಿಲ್, ಚಾಕೊಲೇಟ್, ಒಂದು ಆಟಿಕೆ.

ದಿನಾಂಕ ಗಮನಿಸಿ. ಗಣೇಶನ ಹಬ್ಬ ಸೆಪ್ಟೆಂಬರ್ 14 ಸೋಮವಾರ, ಶಾಲೆ 15 ಮಂಗಳವಾರ. ಹಬ್ಬದ ನೆಪದಲ್ಲಿ ಊರಿಗೆ ಹೋಗಿ ಒಂದು ವಾರ ತಡವಾಗಿ ಬರೋಣ ಅನ್ನುವವರಿಗೆ ಮೊದಲೇ ಹೇಳುತ್ತೇನೆ, ಇಲ್ಲಿ ಅದು ನಡೆಯುವುದಿಲ್ಲ. ಶಾಲೆ ಕಡ್ಡಾಯ ಅಂದರೆ ಕಡ್ಡಾಯ. 2018ರಲ್ಲಿ ಮೆಮ್ಮಿಂಗನ್ ವಿಮಾನ ನಿಲ್ದಾಣದಲ್ಲಿ, ರಜೆಗೆ ಮುಂಚೆಯೇ ಮಕ್ಕಳನ್ನು ಕರೆದುಕೊಂಡು ಹೊರಟ ಅಪ್ಪ ಅಮ್ಮಂದಿರನ್ನು ಪೊಲೀಸರು ನಿಲ್ಲಿಸಿ ಕೇಳಿದ್ದರು.

ಹುಬ್ಬಳ್ಳಿ ಹುಡುಗ:
ಗೌಡ್ರೇ, ಹಬ್ಬಕ್ಕೆ ನನ್ನನ್ನೂ ಕರೀರಿ. ಕಡಬು ತಿಂದು ವರ್ಷಗಳಾದವು. ಪಾತ್ರೆ ತೊಳೆಯುವ ಜವಾಬ್ದಾರಿ ನನ್ನದು.

ಸಾಗರದ ಸೊಸೆ:
ಹಬ್ಬಕ್ಕೆ ನಮ್ಮ ಮನೆಗೆ ಬನ್ನಿ, ಎಲ್ಲರೂ. ತೋಟ ಇದೆ, ಜಾಗ ಇದೆ. ಮಣ್ಣಿನ ಗಣಪತಿ ಮಕ್ಕಳೇ ಮಾಡಲಿ, ಬಣ್ಣ ಬೇಡ. ನದಿಗೆ, ಕಾಲುವೆಗೆ ಬಿಡುವುದು ಬೇಡವೇ ಬೇಡ, ನಮ್ಮ ಮನೆಯ ಮಳೆನೀರಿನ ಡ್ರಮ್ಮಿನಲ್ಲಿ ಬಿಟ್ಟು ಆ ನೀರನ್ನು ಡೇರೆ ಗಿಡಕ್ಕೆ ಹಾಕುತ್ತೇವೆ. ಆರತಿ ಹೊರಗಡೆಯೇ ಮಾಡೋಣ, ಒಳಗೆ ಕರ್ಪೂರ ಹಚ್ಚಿದರೆ ಹೊಗೆ ಅಲಾರಂ ಕೂಗುತ್ತದೆ. ಕತ್ತಲಾಗುವ ಮುಂಚೆ ಮುಗಿಸಬೇಕು. ಜೂನ್‌ನಲ್ಲಿ ಒಂಬತ್ತೂವರೆಗೆ ಮುಳುಗುತ್ತಿದ್ದ ಸೂರ್ಯ ಆ ಹೊತ್ತಿಗೆ ಏಳೂವರೆಗೇ ಹೋಗಿರುತ್ತಾನೆ.

ಹೂವಿನ ಚಿಂತೆ ಬೇಡ. ನಮ್ಮ ಹಳ್ಳಿಯ ಆಚೆ ನೀವೇ ಕೊಯ್ದುಕೊಳ್ಳುವ ಹೂವಿನ ಹೊಲ ಇದೆ. ಸೂರ್ಯಕಾಂತಿ, ಗ್ಲ್ಯಾಡಿಯೋಲಸ್, ಡೇರೆ ಸಾಲು ಸಾಲು. ಕಾವಲಿಗೆ ಯಾರೂ ಇಲ್ಲ. ಚಾಕು ಸರಪಳಿಗೆ ಕಟ್ಟಿರುತ್ತದೆ, ಬೋರ್ಡಿನ ಮೇಲೆ ಒಂದೊಂದು ಹೂವಿನ ದರ, ಪಕ್ಕದಲ್ಲಿ ದುಡ್ಡು ಹಾಕಲು ಕಬ್ಬಿಣದ ಡಬ್ಬಿ. ಚಿಲ್ಲರೆ ತನ್ನಿ. ಗರಿಕೆ ಮಾತ್ರ ಹುಡುಕಬೇಕು.

ವೈಟ್‌ಫೀಲ್ಡ್ ವಾಪಸ್:
ಹೂವಿನ ಹೊಲ ನಮಗೂ ಗೊತ್ತಿತ್ತು, ಯಾವತ್ತೂ ಸೈಕಲ್ ನಿಲ್ಲಿಸಲಿಲ್ಲ. ಹೆಂಡತಿ ಈ ಚರ್ಚೆ ಪೂರ್ತಿ ಓದಿದಳು. "ಇವರೆಲ್ಲ ಆಗ ಎಲ್ಲಿದ್ದರು?" ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಹಬ್ಬದ ಫೋಟೋ ಹಾಕಿ.

ಕುಡ್ಲ ಕಿಚನ್:
ಅವರಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ ಸರ್. ಬಾಳೆಎಲೆ, ತೆಂಗಿನಕಾಯಿ ನ್ಯೂರೆಂಬರ್ಗ್ ಇಂಡಿಯನ್ ಅಂಗಡಿಯಿಂದ ನಾನು ತರುತ್ತೇನೆ. ಕಡಬಿನ ಹೂರಣ ಯಾರು? ಒಬ್ಬರೇ ಹೇಳಿ, ಹೋದ ಸಲ ಮೂರು ಮನೆಯಿಂದ ಹೂರಣ ಬಂದು ಹಿಟ್ಟು ಯಾರೂ ತಂದಿರಲಿಲ್ಲ.

ಕುವೆಂಪುನಗರದವಳು:
ಹೂರಣ ನನ್ನದು. ಹಿಟ್ಟೂ ನಾನೇ ತರುತ್ತೇನೆ. ಚಪ್ಪಲಿ ಎತ್ತಿ ಕೊಟ್ಟ ಅಜ್ಜ, ಮೊಮ್ಮಗಳನ್ನೂ ಕರೆಯಲಾ? ಮಂಗಳವಾರ ಹೇಗೂ ಶಾಲೆಯ ಅಂಗಳದಲ್ಲಿ ಸಿಗುತ್ತಾರೆ.

ಇನ್ನೊಂದು. ನಮ್ಮಮ್ಮ ಫೋನಿನಲ್ಲಿ ಕೇಳುತ್ತಿದ್ದಾರೆ, ಆ ಕೋನಿಗೆ ಚಕ್ಕುಲಿ ಹಾಕಬಹುದಾ ಅಂತ.

ಸಾಗರದ ಸೊಸೆ:
ಅಜ್ಜ, ಮೊಮ್ಮಗಳನ್ನೂ ಕರೆಯಿರಿ. ಕೇಳಬೇಕಾ!

ಫ್ರಾಂಕನ್ ಗೌಡ:
ಚಕ್ಕುಲಿ ಹಾಕಿ, ಆದರೆ ಡಬ್ಬಿಯಲ್ಲಿಟ್ಟು ಎಲ್ಲಕ್ಕಿಂತ ಮೇಲೆ. ನಮ್ಮ ಮಗಳ ಕೋನಿನಲ್ಲಿ ಕೆಳಗೆ ಹಾಕಿದ್ದೆವು, ಮನೆಗೆ ಬಂದು ಬಿಚ್ಚುವಾಗ ಚಕ್ಕುಲಿ ಹೋಗಿ ಚಕ್ಕುಲಿ ಪುಡಿ ಆಗಿತ್ತು. ಅವಳು ಅದನ್ನೇ ಮೊಸರಿಗೆ ಕಲಸಿ ತಿಂದಳು. ಮೇಷ್ಟ್ರೇ, ನೀವೂ ಬರಬೇಕು. ನಿಮ್ಮನ್ನು ಕರೆದುಕೊಂಡು ಬರಲು ನನ್ನ ಕಾರಿನಲ್ಲಿ ಜಾಗ ಇದೆ, ನಿಮ್ಮ ಮನೆ ಯಾವ ಕಡೆ ಅಂತ ಒಂದು ಮೆಸೇಜ್ ಹಾಕಿ.